ಸಿಲ್ಪಾಲಿನ್ ದೋಣಿ ಗೆದ್ದ ಕತೆ

ಅಡಿಕೆ ಮರ ಸೀಳಿದ ಸಲಾಕೆ, ಅಡಿಕೆ ಹಾಳೆ, ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಶೀಟ್. ಈ ಮೂರರಲ್ಲೇ ದೋಣಿ ಕಟ್ಟುತ್ತೇನೆ ಅಂದಾಗ ನಮ್ಮ ಕುಟುಂಬದಲ್ಲಿ ಒಬ್ಬರೂ ನಂಬಲಿಲ್ಲ. "ಎಂತ ಭಾವ, ಅಡಿಕೆ ಒಣಗಿಸುವ ಶೀಟಲ್ಲಿ ನೀವು ಒದ್ದೆಯಾಗ್ಲಿಕ್ಕಾ?" ಎಂದು ತಂಗಿಯ ಗಂಡ ನಗಾಡಿದ. ಈ ಸಲ ಚೌತಿಯ ಮರುದಿನ ನಡೆದ ದೋಣಿ ಸ್ಪರ್ಧೆಯಲ್ಲಿ ಅವನ ಡ್ರಮ್ಮಿನ ತೆಪ್ಪ ಮದಕದ, ಅಂದರೆ ಮಳೆನೀರಿನ ಕೆರೆಯ, ನಡುವೆ ಇರುವಾಗಲೇ ನಾನೂ ಮಗಳೂ ಆಚೆ ದಡದಲ್ಲಿ ಇಳಿದಾಗಿತ್ತು. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗಿದೆ.

ಸ್ಪರ್ಧೆ ನಡೆಯುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ, ನಮ್ಮ ತೋಟದ ಮೇಲಿನ ಮದಕದಲ್ಲಿ. ಚೌತಿಯೂ ಓಣಂ ರಜೆಯೂ ಹತ್ತಿರ ಹತ್ತಿರ ಬರುತ್ತವೆ. ಮಕ್ಕಳೆಲ್ಲ ಮನೆಯಲ್ಲಿರುತ್ತಾರೆ, ಮದಕವೂ ತುಂಬಿರುತ್ತದೆ. ನಿಯಮ ಎರಡೇ. ದೋಣಿ ಮನೆಯಲ್ಲೇ ಮಾಡಿದ್ದಾಗಬೇಕು. ಅದರಲ್ಲಿ ದೊಡ್ಡವರೊಬ್ಬರು, ಮಕ್ಕಳಲ್ಲೊಬ್ಬರು ಕೂರಬೇಕು. ಗೆದ್ದವರಿಗೆ ಒಂದು ನೇಂದ್ರ ಬಾಳೆಗೊನೆ. ನಾವು ಈಜು ಕಲಿಯುವಾಗ ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟುತ್ತಿದ್ದರು. ಈಗ ಮಕ್ಕಳಿಗೆಲ್ಲ ಲೈಫ್ ಜಾಕೆಟ್ ಇದೆ, ಅದರಲ್ಲಿ ರಾಜಿಯಿಲ್ಲ.

ಬಾಳೆದಿಂಡಿನ ತೆಪ್ಪ ಎಲ್ಲರೂ ಮಾಡಿಯೇ ಇರುತ್ತೀರಿ. ಆರು ದಿಂಡು ಜೋಡಿಸಿ, ಬಿದಿರು ಚುಚ್ಚಿದರೆ ಆಯಿತು. ಖರ್ಚಿಲ್ಲ, ಮುಳುಗುವುದೂ ಇಲ್ಲ. ಆದರೆ ಹೋಗುವುದು ಮಾತ್ರ ಕೆಸರಿನ ಕೋಣದ ಹಾಗೆ. ಲಾರಿ ಟ್ಯೂಬಿನದ್ದು ನಿಂತಲ್ಲೇ ಗಿರಗಿರ ತಿರುಗುತ್ತದೆ. ಈಗ ಎಲ್ಲ ಟ್ಯೂಬ್‌ಲೆಸ್ ಆಗಿ ಹಳೆ ಟ್ಯೂಬ್ ಸಿಗುವುದೂ ಕಷ್ಟ. ಇನ್ನೂರು ಲೀಟರಿನ ನೀಲಿ ಡ್ರಮ್ ಚೆನ್ನಾಗಿ ತೇಲುತ್ತದೆ ನಿಜ. ಒಂದೊಂದು ಡ್ರಮ್ ನೂರೆಂಬತ್ತು ಕಿಲೋ ಹೊತ್ತೀತು. ಆದರೆ ಅದರ ಮೂತಿ ಮೊಂಡು, ನೀರನ್ನು ಸೀಳುವುದಿಲ್ಲ, ನೂಕುತ್ತದೆ. ಭಾವನಿಗೆ ಡ್ರಮ್ಮು, ವೆಲ್ಡಿಂಗು, ಪಿಕಪ್ ಬಾಡಿಗೆ ಸೇರಿ ಆರು ಸಾವಿರದ ಮೇಲೆಯೇ ಆಗಿದೆ. ಅವನು ಕೇಳಿದರೆ ನಾಲ್ಕು ಅನ್ನುತ್ತಾನೆ.

ಆಲಪ್ಪುಳದ ಪುನ್ನಮಡ ಹಿನ್ನೀರಿನಲ್ಲಿ ನೆಹರೂ ಟ್ರೋಫಿಗೆ ಓಡುವ ಚುಂಡನ್ ವಳ್ಳ, ಅಂದರೆ ಹಾವಿನ ದೋಣಿ, ನೋಡಿದ್ದೀರಲ್ವಾ? ನೂರು ಅಡಿಗಿಂತ ಉದ್ದ, ಅಗಲ ಮಾತ್ರ ತೀರಾ ಕಡಿಮೆ. ನನಗೆ ಅಷ್ಟೇ ಸಾಕಿತ್ತು. ಉದ್ದ ಹನ್ನೊಂದು ಅಡಿ, ನಡುವಿನ ಅಗಲ ಎರಡೂವರೆ ಅಡಿ ಎಂದು ಇಟ್ಟುಕೊಂಡೆ.

ಉದ್ದಕ್ಕೆ ಹಳೆ ಅಡಿಕೆ ಮರದ ಸಲಾಕೆ, ತಿರುಳು ಪೂರ್ತಿ ಕೆತ್ತಿ ತೆಗೆದದ್ದು. ಅಡ್ಡಕ್ಕೆ ಬಗ್ಗಿಸಿದ ಬಿದಿರು. ಅದರ ಮೇಲೆ ಶೀಟ್ ಬಿಗಿದರೆ ಮುಗಿಯಿತು ಅಂತ ಮೊದಲು ಹೊರಟದ್ದು. ಹರಿಗೋಲು ಕಟ್ಟುವುದೂ ಹೀಗೇ ತಾನೇ?

ಶುರುವಿಗೆ ಶೀಟಿನ ಬದಲು ಚುನಾವಣೆಯ ಹಳೆ ಫ್ಲೆಕ್ಸ್ ಹಾಕಿದೆ. ಪುಕ್ಕಟೆ ಸಿಕ್ಕಿತ್ತು. ಅಭ್ಯರ್ಥಿ ಕೈಮುಗಿದುಕೊಂಡೇ ನೀರಿಗಿಳಿದರು. ಮಡಿಸಿದಲ್ಲೆಲ್ಲ ಬಿರುಕು ಬಿಟ್ಟು ಹತ್ತು ನಿಮಿಷದಲ್ಲಿ ಮೊಣಕಾಲುದ್ದ ನೀರು. ಆಮೇಲೆ ಅಂಗಳದ ಹಳೆ ಸಿಲ್ಪಾಲಿನ್. ಅದು ಚೆನ್ನಾಗಿಯೇ ನಿಂತಿತು, ಆದರೆ ಸಲಾಕೆ ಕಟ್ಟಿದ ಬೈಂಡಿಂಗ್ ವಯರಿನ ತುದಿಗಳು ಒಳಗಿಂದ ಚುಚ್ಚಿ ಚುಚ್ಚಿ ಜರಡಿ ಮಾಡಿದವು. ವಯರ್ ಬಿಚ್ಚಿ ಸೈಕಲ್ ಟ್ಯೂಬ್ ಪಟ್ಟಿಯಲ್ಲಿ ಕಟ್ಟಿದೆ. ಚುಚ್ಚುವುದು ನಿಂತಿತು. ಆದರೂ ಸಲಾಕೆಯ ಅಂಚು ಉಜ್ಜಿ ಉಜ್ಜಿ ಶೀಟ್ ಹರಿಯುತ್ತಲೇ ಇತ್ತು. ಆ ವರ್ಷ ನಮ್ಮದು ಕೊನೆಯ ಸ್ಥಾನ. ಬಾಳೆದಿಂಡಿನವರೂ ಮುಂದೆ ಹೋದರು.

ದಾರಿ ಸಿಕ್ಕಿದ್ದು ಹಾಳೆಯಲ್ಲಿ. ರಾತ್ರಿಯಿಡೀ ನೆನೆಸಿದ ಹಾಳೆಯನ್ನು ಸಲಾಕೆಗಳ ಮೇಲೆ ಒಂದರ ಮೇಲೊಂದು ಅರ್ಧ ಬರುವಂತೆ ಹೊದಿಸಿ, ಹಗ್ಗದಲ್ಲಿ ಬಿಗಿದು ಒಣಗಲು ಬಿಟ್ಟೆ. ನೆನೆದ ಹಾಳೆ ಹೇಳಿದ ಹಾಗೆ ಬಗ್ಗುತ್ತದೆ, ಒಣಗಿದ ಮೇಲೆ ಆ ಆಕಾರ ಬಿಡುವುದಿಲ್ಲ. ಹಾಳೆತಟ್ಟೆ ಆಗುವುದೂ ಇದರಿಂದಲೇ. "ನೀರು ತಾಗಿದರೆ ಪುನಃ ಮೆತ್ತಗಾಗ್ತದೆ" ಎಂದು ಅತ್ತೆ ಹೇಳಿದರು. ಸರಿ, ಆದರೆ ಹಾಳೆ ಇರುವುದು ಶೀಟಿನ ಒಳಗೆ. ನೀರು ತಾಗುವುದು ಶೀಟಿಗೆ. ಹಾಳೆಯ ನುಣುಪಾದ ಒಳಮೈ ಶೀಟಿನ ಕಡೆ ಬರಬೇಕು, ಇದು ಮುಖ್ಯ.

ಈ ಸಲ ಶೀಟ್ ಮಾತ್ರ ಹೊಸದು, 200 ಜಿಎಸ್‌ಎಮ್, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವಂಥದ್ದು. ಸಾವಿರದ ಮುನ್ನೂರೋ ನಾನ್ನೂರೋ ಕೊಟ್ಟ ನೆನಪು. ಟ್ಯೂಬ್, ಹಗ್ಗ, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ದೋಣಿಯ ತೂಕ ಇಪ್ಪತ್ತು ಕಿಲೋ ಇರಬಹುದು, ಒಬ್ಬನೇ ತಲೆಯ ಮೇಲೆ ಹೊತ್ತು ಗುಡ್ಡೆ ಹತ್ತಿದ್ದೇನೆ. ನಾವಿಬ್ಬರು ಕೂತಾಗ ನಾಲ್ಕು ಇಂಚಿಗಿಂತ ಜಾಸ್ತಿ ಮುಳುಗಲಿಲ್ಲ. ಕೂರುವುದು ತಳದಲ್ಲೇ, ಗೋಣಿ ಹಾಸಿ. ಹಲಗೆ ಇಟ್ಟು ಎತ್ತರದಲ್ಲಿ ಕೂತರೆ ಮಗುಚುತ್ತದೆ.

ದೋಣಿಯ ಹುಟ್ಟಿಗಾಗಿ ಸುಮ್ನೆ ಏನೇನೋ ಮಾಡಿ ನೋಡಿದೆ. ಪಿವಿಸಿ ಪೈಪಿಗೆ ಹಾಳೆ ಕಟ್ಟಿದ್ದು ಮಡಚಿ ಹೋಯಿತು. ಕೊನೆಗೆ ಒಳ್ಳೆಯದೆನಿಸಿದ್ದು ತೆಂಗಿನ ಗರಿಯ ಬುಡದ ಅರ್ಧ ಒಣಗಿದ ಕೊತ್ತಳಿಗೆ, ನಾವು ಚಿಕ್ಕಂದಿನಲ್ಲಿ ಕ್ರಿಕೆಟ್ ಬ್ಯಾಟ್ ಮಾಡುತ್ತಿದ್ದದ್ದೇ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ಕೊತ್ತಳಿಗೆಯ ಹುಟ್ಟನ್ನು ಮಾತ್ರ ನಾವೇ ಮಾಡಿಕೊಳ್ಳಬೇಕಾಯಿತು.

ಇಂಥ ಹಗುರ ದೋಣಿ ಹುಟ್ಟು ಹಾಕಿದ ಹಾಗೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತದೆ. ಅದನ್ನು ನಿಲ್ಲಿಸಲು ಹಿಂದೆ ಅಡಿಯಲ್ಲಿ ಒಂದು ಹಲಗೆ ಕಟ್ಟಿದ್ದೇನೆ. ಅದರ ಅಳತೆ, ಅದನ್ನು ಕಟ್ಟಿದ ಜಾಗ ಎರಡನ್ನೂ ಬರೆಯುವುದಿಲ್ಲ, ಭಾವನೂ ಓದುತ್ತಾನೆ. ಮೂತಿಯ ಹತ್ತಿರ ಶೀಟ್ ಮಡಿಸಿದ ಕ್ರಮವೂ ಅಷ್ಟೇ. ಕತ್ತರಿ ಹಾಕಿಲ್ಲ ಎಂದಷ್ಟೇ ಹೇಳುತ್ತೇನೆ.

ಶೀಟ್ ಈಗ ಬಿಚ್ಚಿ ಅಂಗಳದಲ್ಲಿದೆ, ಅದರ ಮೇಲೆ ಅಡಿಕೆ ಒಣಗುತ್ತಿದೆ. ಸಲಾಕೆಯ ಗೂಡು ಕೊಟ್ಟಿಗೆಯ ಮಾಡಿನಡಿ ನೇತಾಡುತ್ತಿದೆ. ಯಾರು ಬೇಕಾದರೂ ಬಂದು ಅಳತೆ ತೆಗೆದುಕೊಳ್ಳಬಹುದು. ಹಿಂದಿನ ಹಲಗೆಯನ್ನು ಮಾತ್ರ ಕಳಚಿ ಬೇರೆ ಕಡೆ ಇಟ್ಟಿದ್ದೇನೆ.