ಔಷಧಿ ಹೊಡೆಯುವಾಗ ನಾವು ಬದಲಿಸಿಕೊಂಡದ್ದು

ಕೋಲಾರದ ಕಡೆ ಟೊಮ್ಯಾಟೊ ಇಟ್ಟವರಿಗೆ ಔಷಧಿ ಹೊಡೆಯುವುದು ಹಲ್ಲುಜ್ಜಿದಷ್ಟೇ ಮಾಮೂಲಿ. ಮೋಡ ಕವಿದರೆ ಅಂಗಮಾರಿಗೆ, ಬಿಸಿಲು ಏರಿದರೆ ನುಸಿಗೆ, ಆಮೇಲೆ ಕಾಯಿಕೊರಕಕ್ಕೆ. ತಲೆ ಸುತ್ತಿದರೆ, ವಾಂತಿಯಾದರೆ ಎಲ್ಲರೂ ಹೆದರುತ್ತಾರೆ. ವರ್ಷಾನುಗಟ್ಟಲೆ ಸ್ವಲ್ಪ ಸ್ವಲ್ಪವೇ ಮೈಗೆ ಇಳಿದು ಮುಂದೆ ಕ್ಯಾನ್ಸರ್‌ನಂಥ ಕಾಯಿಲೆ ತರಬಹುದಾದ್ದಕ್ಕೆ ಯಾರೂ ಹೆದರುವುದಿಲ್ಲ. ನನ್ನ ತೋಟದಲ್ಲಿ ನಾನು ಬದಲಿಸಲು ಹೊರಟಿದ್ದು ಆ ಎರಡನೆಯದನ್ನು.

ರೈತರಿಗೆಲ್ಲ ಕ್ಯಾನ್ಸರ್ ಜಾಸ್ತಿ ಅಂತ ಸುಮ್ನೆ ಹೇಳಿಬಿಡೋದು ಸರಿಯಲ್ಲ. ಅಮೆರಿಕದ ಅಯೋವಾ, ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ಔಷಧಿ ಹೊಡೆಯುವವರು ಮತ್ತು ಅವರ ಮನೆಯವರು ಸೇರಿ ಸುಮಾರು 89,000 ಜನರ ಆರೋಗ್ಯವನ್ನು 1993ರಿಂದ ಗಮನಿಸುತ್ತಾ ಬಂದಿದ್ದಾರೆ. ಅಲ್ಲಿ ಒಟ್ಟು ಲೆಕ್ಕದಲ್ಲಿ ಕ್ಯಾನ್ಸರ್ ಉಳಿದ ಜನರಿಗಿಂತ ಕಮ್ಮಿಯೇ ಇದೆ. ಸಿಗರೇಟು ಸೇದುವವರು ಕಡಿಮೆ ಇರುವುದು ಅದಕ್ಕೆ ಒಂದು ಕಾರಣ. ಆದರೆ ಪ್ರಾಸ್ಟೇಟ್, ತುಟಿ, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇಂಥವು ಔಷಧಿ ಹೊಡೆಯುವವರಲ್ಲಿ ಜಾಸ್ತಿ ಕಂಡಿವೆ.

ನಮ್ಮಲ್ಲಿ ಹಸಿರು ಬಣ್ಣದ ಡಬ್ಬಿ ಅಂದರೆ ಏನೂ ಆಗಲ್ಲ ಎಂಬ ನಂಬಿಕೆ ಇದೆ. ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕದ ಕೆಳಗಿನ ಅರ್ಧದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಇರುತ್ತದಲ್ವಾ, ಅದು ಒಂದೇ ಸಲಕ್ಕೆ ಎಷ್ಟು ಒಳಗೆ ಹೋದರೆ ಜೀವ ಹೋಗುತ್ತದೆ ಎಂಬ ಲೆಕ್ಕ. ಮೈತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗೇ ಕೊಲ್ಲುವಂಥದ್ದು ಕೆಂಪು, 5,000 ದಾಟಿದರೆ ಹಸಿರು. ಕ್ಯಾನ್ಸರ್ ಬಗ್ಗೆ ಆ ಬಣ್ಣ ಏನೂ ಹೇಳುವುದಿಲ್ಲ. ಮೆಲಾಥಿಯಾನ್ ಎಂಬ ಕೀಟನಾಶಕ ಮತ್ತು ಗ್ಲೈಫೋಸೇಟ್ ಎಂಬ ಕಳೆನಾಶಕ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ 'ಬಹುಶಃ ಕ್ಯಾನ್ಸರ್ ತರಬಲ್ಲವು' ಎಂಬ ಗುಂಪಿಗೆ ಸೇರಿಸಿತು. ಗ್ಲೈಫೋಸೇಟ್ ವಿಷಯದಲ್ಲಿ ಅಮೆರಿಕ, ಯುರೋಪಿನ ನಿಯಂತ್ರಕರು ಇದನ್ನು ಒಪ್ಪಲಿಲ್ಲ. ಆ ಜಗಳ ಅವರು ಮುಗಿಸಿಕೊಳ್ಳಲಿ. ನಮ್ಮ ಬದುವಿನ ಹುಲ್ಲನ್ನು ಈಗ ಕಟಿಂಗ್ ಮಿಷನ್‌ನಲ್ಲಿ ಹೊಡೆಯುತ್ತೇವೆ. ಹೇಗೂ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಲೈಸೆನ್ಸ್ ಇರುವ ಕೀಟ ನಿಯಂತ್ರಕರೇ ಬಳಸಬೇಕು ಅಂತ ಆದೇಶ ಮಾಡಿದೆ.

ಎಲ್ಲರೂ ಮೊದಲು ಮೂಗಿಗೆ ಟವಲ್ ಕಟ್ಟುತ್ತಾರೆ. ಬಯಲಿನಲ್ಲಿ ಹೊಡೆಯುವಾಗ ಮೈಗೆ ಹೋಗುವುದು ಹೆಚ್ಚಾಗಿ ಚರ್ಮದಿಂದ. ಟವಲ್ ನೆನೆದರೆ ಔಷಧಿಯನ್ನೇ ಮುಖಕ್ಕೆ ಒತ್ತಿಕೊಂಡ ಹಾಗೆ. ಇನ್ನೊಂದು ವಿಷಯ ಹೇಳಲು ನಾಚಿಕೆಯಾದರೂ ಹೇಳಬೇಕು. ಪ್ಯಾರಾಥಿಯಾನ್ ಎಂಬ ಹಳೆಯ ಕೀಟನಾಶಕವನ್ನು ಮನುಷ್ಯರ ಚರ್ಮದ ಮೇಲೆ ಪರೀಕ್ಷಿಸಿದಾಗ, ಗಂಡಸರ ವೃಷಣದ ಚರ್ಮ ಮುಂಗೈಗಿಂತ ಹತ್ತು ಪಟ್ಟಿಗೂ ಜಾಸ್ತಿ ಹೀರಿತ್ತು. ಕಡ್ಡಿ ನೆಟ್ಟು ದಾರ ಕಟ್ಟಿದ ಟೊಮ್ಯಾಟೊ ಸಾಲಿನಲ್ಲಿ ಹೊಡೆಯುತ್ತಾ ಮುಂದೆ ನಡೆದರೆ ನೆನೆಯುವುದು ಸರಿಯಾಗಿ ತೊಡೆಸಂದು.

ಅದಕ್ಕೇ ನಾವು ನಡೆಯುವ ದಿಕ್ಕನ್ನೇ ತಿರುಗಿಸಿದೆವು. ಪೈಪ್ ಎಳೆದುಕೊಂಡು ಇನ್ನೂ ಔಷಧಿ ಹೊಡೆಯದ ಒಣ ಸಾಲಿನ ಕೊನೆಗೆ ಹೋಗುವುದು, ಅಲ್ಲಿಂದ ಹೊಡೆಯುತ್ತಾ ಹಿಂದಕ್ಕೆ ಬರುವುದು. ಡ್ರಮ್ ಹತ್ತಿರ ಇರುವವನು ಪೈಪ್ ಎಳೆದುಕೊಳ್ಳುತ್ತಾನೆ. ಸೊಂಟಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಲುಂಗಿಯ ಹಾಗೆ. ಗಾಳಿ ಎದುರಿಗಿದ್ದರೆ ಅವತ್ತಿಗೆ ಕೆಲಸ ಇಲ್ಲ.

ಗ್ಲೌಸ್ ವಿಷಯದಲ್ಲೇ ಜಾಸ್ತಿ ವಾದ ನಡೆದದ್ದು. "ಅಣ್ಣಾ, ಈ ಸೆಕೆಗೆ ಕೈ ಬೆಂದ್ಹೋಗುತ್ತೆ" ಅಂದರು ಹುಡುಗರು. ನಿಜವೇ. ಹಾಗಾಗಿ ಹೊಡೆಯುವಾಗ ಬಿಟ್ಟರೂ ಔಷಧಿ ಕಲೆಸುವಾಗ ಬಿಡಬಾರದು ಅಂತ ರಾಜಿಯಾಯಿತು. ನೀರು ಸೇರದ ಗಟ್ಟಿ ಔಷಧಿ ಕೈಗೆ ತಾಗುವುದು ಆಗಲೇ. ಬಟ್ಟೆಯ ಗ್ಲೌಸ್ ಬೇಡ, ಅದು ಹೀರಿಕೊಂಡು ಕೂರುತ್ತದೆ. ಮೊಣಕೈ ಹತ್ತಿರ ಬರುವ ನೈಟ್ರೈಲ್ ಎಂಬ ರಬ್ಬರಿನ ಗ್ಲೌಸ್ ತಂದೆ. ಬಿಚ್ಚುವ ಮುಂಚೆ ಅದನ್ನು ಸೋಪಿನಲ್ಲಿ ತೊಳೆಯಬೇಕು.

ಸೋಲುತ್ತಿರುವುದು ಎಲೆ ಅಡಿಕೆ ಕಡ್ಡಿಪುಡಿ ಹತ್ತಿರ. ಅಡಿಕೆಯೂ ಹೊಗೆಸೊಪ್ಪೂ ಕ್ಯಾನ್ಸರ್ ತರುತ್ತವೆ ಎನ್ನುವುದರಲ್ಲಿ ವಿಜ್ಞಾನಿಗಳಿಗೆ ಅನುಮಾನವೇ ಇಲ್ಲ. ನನ್ನನ್ನು ಕೇಳಿದರೆ ಯಾವ ಡಬ್ಬಿಗಿಂತಲೂ ಮೊದಲು ಹೆದರಬೇಕಾದ್ದು ಇದಕ್ಕೇ. ಔಷಧಿ ಮುಟ್ಟಿದ ಕೈಯಲ್ಲೇ ಅದನ್ನು ಬಾಯಿಗೆ ಹಾಕಿಕೊಳ್ಳುವುದನ್ನಂತೂ ನಿಲ್ಲಿಸಿದ್ದೇನೆ. ಡ್ರಮ್ ಪಕ್ಕ ನೀರಿನ ಕೊಡ, ಸೋಪು ಇಟ್ಟಿರುತ್ತೇವೆ. ಜಗಿಯುವುದನ್ನು ಮಾತ್ರ ಬಿಡಿಸಲು ಆಗಿಲ್ಲ.

ಔಷಧಿ ಹೊಡೆಯುವಾಗ ಹಾಕಿದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಸುವುದಿಲ್ಲ. ಅದಕ್ಕೆ ಬೇರೆ ಬಕೆಟ್, ಹಾಕಿಕೊಂಡವನೇ ತೊಳೆಯಬೇಕು.

ಕಾಯಿ ಕೀಳಲು ಬರುವ ಹೆಂಗಸರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅವರು ಔಷಧಿ ಹೊಡೆಯುವುದಿಲ್ಲ, ಆದರೆ ಇಡೀ ಬೆಳಿಗ್ಗೆ ಔಷಧಿ ಹತ್ತಿದ ಎಲೆಯಲ್ಲೇ ಕೈಯಾಡಿಸುತ್ತಾರೆ. ಈಗ ಕೊಯ್ಲು ಮುಗಿಸಿಯೇ ಔಷಧಿ ಹೊಡೆಯುತ್ತೇವೆ. ಮುಂದಿನ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಲೇಬಲ್‌ನಲ್ಲಿ ಇರುತ್ತದೆ. ಮಾರ್ಕೆಟ್‌ನಲ್ಲಿ ಬಾಕ್ಸ್ ರೇಟು ಏರಿದ ವಾರ ಆ ದಿನಗಳನ್ನು ಕಾಯುವುದು ಮಾತ್ರ ಬಹಳ ಕಷ್ಟ.