ಎಪ್ಪತ್ತು ಮನೆ, ಒಂದು ನೋಟ್‌ಬುಕ್

"ಬಿರಿಯಾನಿ ಇಲ್ಲದೆ ಒಬ್ಬ ಹುಡುಗನೂ ಬರುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ" ಎಂದು 2023ರ ಜನವರಿಯಲ್ಲಿ ನಮ್ಮ ಪಕ್ಷದ ಹಿರಿಯರೊಬ್ಬರು ಹೇಳಿದ್ದರು. ನಾನು ನಿಜವಾಗಿಯೂ ಬರೆದಿಟ್ಟುಕೊಂಡೆ. ಆ ಚೀಟಿ ಬೆಂಗಳೂರಿನ ಹನುಮಂತನಗರದ ನನ್ನ ಎಲೆಕ್ಟ್ರಿಕಲ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಇದೆ. ಅದೇ ವರ್ಷದ ಮೇ 10ರಂದು, ವಿಧಾನಸಭೆ ಚುನಾವಣೆಯ ಮತದಾನದ ದಿನ, ಬೆಳಗಿನ ಐದೂವರೆಗೆ ನಮ್ಮ ಹನ್ನೊಂದು ಬೂತುಗಳಲ್ಲಿ ಹನ್ನೊಂದು ಏಜೆಂಟರು ಕುಳಿತಿದ್ದರು, ಹೊರಗೆ ಮೂವತ್ತು ಮೂವತ್ತೈದು ಜನ ನಿಂತಿದ್ದರು. ಬಿರಿಯಾನಿ ಇರಲಿಲ್ಲ. ಪುಳಿಯೋಗರೆ ಇತ್ತು, ಅದೂ ಅವರವರ ಮನೆಯಿಂದ ಬಂದದ್ದು.

ಗೆದ್ದೆವು ಎಂದು ಹೇಳುತ್ತಿಲ್ಲ. ನಮ್ಮದು ಚಿಕ್ಕ ಪಕ್ಷ, ಅಭ್ಯರ್ಥಿಯ ಹತ್ತು ಸಾವಿರ ರೂಪಾಯಿ ಠೇವಣಿ ಹೋಯಿತು. ಉಳಿಯಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗವನ್ನು ಮೀರಬೇಕು, ನಮಗೆಲ್ಲಿ ಬರಬೇಕು? ಆದರೆ ಬೂತುವಾರು ಲೆಕ್ಕ ಕೈಗೆ ಸಿಕ್ಕ ಮೇಲೆ ನೋಡಿದರೆ ಈ ಹನ್ನೊಂದು ಬೂತುಗಳಲ್ಲಿ ನಮಗೆ ಬಿದ್ದದ್ದು ಶೇ 14ರ ಹತ್ತಿರ, ಒಂಬೈನೂರ ಚಿಲ್ಲರೆ ಮತ. ಕ್ಷೇತ್ರದ ಉಳಿದ ಕಡೆ ಶೇ 2 ಕೂಡ ದಾಟಿರಲಿಲ್ಲ. ಅಭ್ಯರ್ಥಿ ಅವರೇ, ಚಿಹ್ನೆ ಅದೇ, ಕರಪತ್ರವೂ ಅದೇ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಈಗ ಅದೇ ಹಿರಿಯರು ಕೇಳುತ್ತಾರೆ.

2018ರಲ್ಲಿ ನಾನೂ ಎಲ್ಲರೂ ಮಾಡುವುದನ್ನೇ ಮಾಡಿ ಕೈಸುಟ್ಟುಕೊಂಡಿದ್ದೆ. ನೂರೈವತ್ತು ಟೀ ಶರ್ಟು, ಒಂದಕ್ಕೆ ನೂರ ಮೂವತ್ತೋ ನಲವತ್ತೋ. ಕಲ್ಯಾಣ ಮಂಟಪದ ಕೆಳಮಹಡಿಯಲ್ಲಿ ಸಮಾವೇಶ, ಶಾಲು, ಹಾರ, ಮುನ್ನೂರು ಜನರ ಊಟ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂರ ನಲವತ್ತು ಮಂದಿ. ದಿನಕ್ಕೆ ಮೂರು ಸಂದೇಶ ಹಾಕುತ್ತಿದ್ದೆ, ಎಲ್ಲರೂ ಹೆಬ್ಬೆರಳು ಎತ್ತುತ್ತಿದ್ದರು. ಮತದಾನ ಮೇ 12, ಶನಿವಾರ. ಬೆಳಗ್ಗೆ ಆರಕ್ಕೆ ಬಂದವರು ಹತ್ತೊಂಬತ್ತು ಜನ, ಊಟದ ಹೊತ್ತಿಗೆ ಅರವತ್ತು, ಊಟವಾದ ಮೇಲೆ ಏಳು. ನನ್ನ ಕೈಯಿಂದ ಎಂಬತ್ತು ಸಾವಿರಕ್ಕೂ ಹೆಚ್ಚು ಹೋಯಿತು. ಉಳಿದ ಟೀ ಶರ್ಟುಗಳು ನಮ್ಮ ಮನೆಯಲ್ಲಿ ನೆಲ ಒರೆಸುವ ಬಟ್ಟೆಯಾದವು. ಅವು ನೀರನ್ನೂ ಸರಿಯಾಗಿ ಹೀರುವುದಿಲ್ಲ ಎಂದು ಹೆಂಡತಿಯ ದೂರು.

ದಾರಿ ತೋರಿಸಿದವರು ಒಬ್ಬ ನಿವೃತ್ತ ಬಿಎಂಟಿಸಿ ಕಂಡಕ್ಟರ್. ಫ್ಯೂಸ್ ತಂತಿ ಕೊಳ್ಳಲು ಅಂಗಡಿಗೆ ಬಂದಿದ್ದರು. ಕೌಂಟರಿನ ಮೇಲೆ ಮತದಾರರ ಪಟ್ಟಿಯ ಒಂದು ಭಾಗ ಬಿದ್ದಿತ್ತು. ಚಿಲ್ಲರೆ ಎಣಿಸುವಷ್ಟರಲ್ಲಿ ಅದನ್ನು ತಿರುವಿದವರು ಬೆರಳಿಟ್ಟು ಓದತೊಡಗಿದರು: "ಇವರು ತೀರಿಕೊಂಡು ಮೂರು ವರ್ಷವಾಯಿತು. ಇವರು ಮನೆ ಮಾರಿ ಮಾಗಡಿ ರಸ್ತೆ ಕಡೆಗೆ ಹೋದರು. ಈ ಹುಡುಗಿ ಮದುವೆಯಾಗಿ ಮೈಸೂರು ಸೇರಿದಳು." ಒಂದು ಪುಟದ ಮೂವತ್ತು ಹೆಸರುಗಳಲ್ಲಿ ಒಂಬತ್ತು ತಪ್ಪಿದ್ದವು. ಈ ಒಂದು ಬೀದಿಯನ್ನು ನೋಡಿಕೊಳ್ಳುತ್ತೀರಾ ಸಾರ್ ಎಂದು ಕೇಳಿದೆ. "ನಿಮ್ಮ ಪಕ್ಷಕ್ಕೆಲ್ಲ ನಾನು ಬರುವುದಿಲ್ಲ ಸ್ವಾಮಿ. ಪಟ್ಟಿ ಸರಿ ಮಾಡುವುದಾದರೆ ಮಾಡುತ್ತೇನೆ" ಎಂದರು. ಕೊನೆಯವರೆಗೂ ಶಾಲು ಹಾಕಿಸಿಕೊಳ್ಳಲಿಲ್ಲ. ಕೊನೆಯವರೆಗೂ ಬಿಟ್ಟೂ ಹೋಗಲಿಲ್ಲ.

ಅಲ್ಲಿಂದ ಮುಂದೆ ನಾನು ಯಾರನ್ನೂ 'ಕಾರ್ಯಕರ್ತರಾಗಿ ಬನ್ನಿ' ಎಂದು ಕರೆಯಲಿಲ್ಲ. ಹಾಗೆ ಕರೆದರೆ ಬರುವವರು ಯಾರೆಂದು ನಿಮಗೂ ಗೊತ್ತು: ಮುಂದಿನ ಪಾಲಿಕೆ ಟಿಕೆಟ್‌ನ ಆಕಾಂಕ್ಷಿಗಳು. ಒಬ್ಬರಿಗೆ ಅವರದೇ ಬೀದಿ, ಎಪ್ಪತ್ತು ಮನೆ, ಒಂದು ಉದ್ದ ನೋಟ್‌ಬುಕ್, ಮನೆಗೊಂದು ಪುಟ. ಕೆಲಸ ಮತ ಕೇಳುವುದಲ್ಲ, ಪಟ್ಟಿಯಲ್ಲಿ ಆ ಮನೆಯವರ ಹೆಸರು ಸರಿಯಾಗಿದೆಯೇ ಎಂದು ತೋರಿಸಿ ಬರುವುದು.

ತೋರಿಸುವುದು ಎಂದದ್ದಕ್ಕೆ ಕಾರಣವಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹದ ಹಗರಣ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಆಮೇಲೆ ಪಟ್ಟಿ ಹಿಡಿದು ಬಂದವರನ್ನು ಕಂಡರೆ ಜನ ಗ್ರಿಲ್ ಬಾಗಿಲಿನ ಒಳಗಿನಿಂದಲೇ ಮಾತನಾಡಿಸುತ್ತಿದ್ದರು. ಆಧಾರ್ ಎಂಬ ಶಬ್ದ ಬಾಯಿಂದ ಬಂದರೆ ಮುಗಿಯಿತು. ಹಾಗಾಗಿ ಏನನ್ನೂ ಕೇಳಬಾರದು, ನಮ್ಮ ಕೈಯಲ್ಲಿರುವುದನ್ನೇ ತೋರಿಸಬೇಕು ಎಂದು ನಿಯಮ ಮಾಡಿದೆ. ತಮ್ಮ ಹೆಸರು, ತಪ್ಪಾದ ವಯಸ್ಸು, ಹತ್ತು ವರ್ಷದ ಹಿಂದೆ ಬಿಟ್ಟ ಮನೆಯ ನಂಬರು ಕಂಡ ತಕ್ಷಣ ಅವರೇ ಹೊರಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಆಡುವ ಮೊದಲ ಮಾತು ಏನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪಾಲಿಕೆ ಚುನಾವಣೆ ಮುಗಿಯಲಿ, ಆಮೇಲೆ ಹೇಳುತ್ತೇನೆ.

ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಎರಡೂ ಸೇರಿ ಮೂರು ತಿಂಗಳಲ್ಲಿ ಐನೂರ ಐವತ್ತು ಅರ್ಜಿಗಳ ಆಸುಪಾಸು ಆದವು. ಹೆಸರು ತೆಗೆಸುವ ನಮೂನೆ 7ನ್ನು ಮುಟ್ಟಲೇ ಇಲ್ಲ. ತೀರಿಕೊಂಡವರ ಮನೆಯವರಿಗೆ ಹೀಗಿದೆ ಎಂದು ತಿಳಿಸಿ ಬಿಟ್ಟುಬಿಟ್ಟೆವು. ಬೇರೆಯವರ ಹೆಸರು ತೆಗೆಸಲು ಹೊರಟರೆ ನಾಳೆ ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ ಸುಮಾರು ಹತ್ತು ದಿನ ಮೊದಲೇ ಹೊಸ ಹೆಸರು ಸೇರಿಸುವ ಬಾಗಿಲು ಮುಚ್ಚುತ್ತದೆ. ಇದನ್ನು ಮರೆತು ಒಂದು ಬೀದಿಯ ಇಪ್ಪತ್ತೋ ಇಪ್ಪತ್ತೆರಡೋ ಅರ್ಜಿಗಳನ್ನು ತಡಮಾಡಿದ್ದು ನನ್ನದೇ ತಪ್ಪು.

ಕಾರ್ಯಕರ್ತರು ಸಿಕ್ಕಿದ್ದು ಇಲ್ಲೇ. ಹೆಸರು ಸರಿಹೋದ ಎಂಟು ಹತ್ತು ಮನೆಗಳಲ್ಲಿ ಒಂದು ಮನೆಯವರು, "ನಮ್ಮ ಅಣ್ಣನ ಬೀದಿಯಲ್ಲೂ ಹೀಗೇ ಆಗಿದೆ" ಎನ್ನುತ್ತಿದ್ದರು. ಅವರ ಕೈಗೆ ಅಲ್ಲೇ ನೋಟ್‌ಬುಕ್ ಕೊಡುತ್ತಿದ್ದೆವು. ನಾಳೆ ಬನ್ನಿ, ಕಚೇರಿಗೆ ಬನ್ನಿ ಎಂದರೆ ಹೋಯಿತು. ಜನವರಿಯಲ್ಲಿ ಆರು ಜನರಿದ್ದೆವು, ಯುಗಾದಿಯ ಹೊತ್ತಿಗೆ ಐವತ್ತೆರಡು ನೋಟ್‌ಬುಕ್‌ಗಳು ಹೊರಗಿದ್ದವು.

ಎಪ್ಪತ್ತು ಎಂಬ ಸಂಖ್ಯೆ ಪಂಚಾಂಗ ನೋಡಿ ಇಟ್ಟದ್ದಲ್ಲ. ಮೊದಲು ಇನ್ನೂರು ಮನೆ ಕೊಟ್ಟೆ, ನಾಲ್ವರಲ್ಲಿ ಮೂವರು ಎರಡನೇ ವಾರ ಫೋನ್ ತೆಗೆಯಲಿಲ್ಲ. ನೂರಿಪ್ಪತ್ತಕ್ಕೆ ಇಳಿಸಿದೆ, ಅರ್ಧಕ್ಕೆ ನಿಂತಿತು. ಎಪ್ಪತ್ತಾದರೆ ನಾಲ್ಕೈದು ಸಂಜೆಗಳಲ್ಲಿ ಮುಗಿಯುತ್ತದೆ, ಮುಗಿಸಿದೆ ಎಂದು ಹೇಳಿಕೊಳ್ಳಬಹುದು. ಸಂಜೆ ಆರೂವರೆಯಿಂದ ಧಾರಾವಾಹಿ ಶುರುವಾಗುವವರೆಗೆ ಮಾತ್ರ. ಏಪ್ರಿಲಿನಲ್ಲಿ ಆರ್‌ಸಿಬಿ ಪಂದ್ಯವಿದ್ದ ಸಂಜೆ ರಜೆ ಕೊಟ್ಟುಬಿಡುತ್ತಿದ್ದೆ. ಮೊದಲ ತಿಂಗಳು ಕಾಲೇಜು ಹುಡುಗರನ್ನು ನಂಬಿದ್ದು ಇನ್ನೊಂದು ಪೆಟ್ಟು. ಮಾರ್ಚ್ ಬಂದರೆ ಪಿಯುಸಿ ಪರೀಕ್ಷೆ, ಅದರ ಬೆನ್ನಿಗೇ ತಮ್ಮ ತಂಗಿಯರ ಎಸ್ಸೆಸ್ಸೆಲ್ಸಿ. ಉಳಿದವರೆಂದರೆ ನಿವೃತ್ತರು, ಮನೆಯಲ್ಲೇ ಹೊಲಿಗೆ ಹಾಕುವ ಹೆಂಗಸರು, ಒಬ್ಬ ಪೇಪರ್ ಹಾಕುವ ಹುಡುಗ. ಚೀಟಿ ನಡೆಸುವ ಒಬ್ಬ ಅಕ್ಕನಂತೂ ನನಗಿಂತ ಚೆನ್ನಾಗಿ ನಡೆಸಿದರು. ತಿಂಗಳ ಐದನೇ ತಾರೀಕಿಗೆ ಮನೆ ಮನೆಯಿಂದ ಹಣ ಎತ್ತಿ ಅಭ್ಯಾಸವಿದ್ದವರಿಗೆ ಸಂಘಟನೆಯ ಪಾಠ ನಾನೇನು ಹೇಳಲಿ!

ನೋಟ್‌ಬುಕ್ಕಿನಲ್ಲಿ ಯಾವ ಮನೆ ಯಾವ ಪಕ್ಷ ಎಂದು ಬರೆಯಬಾರದು. ಇದನ್ನು ಕಲಿತದ್ದು ನಾಚಿಕೆಯ ರೀತಿಯಲ್ಲಿ. ಒಬ್ಬ ಹುಡುಗ ಒಂದು ಮನೆಯಲ್ಲಿ ನೀರು ಕುಡಿದು ನೋಟ್‌ಬುಕ್ ಅಲ್ಲೇ ಮರೆತು ಬಂದ. ಆ ಮನೆಯ ಪುಟದಲ್ಲಿ 'ನಮ್ಮವರಲ್ಲ, ಸಮಯ ವ್ಯರ್ಥ' ಎಂದು ಅವನದೇ ಕೈಬರಹ. ಯಜಮಾನರು ಓದಿದರು, ಎದುರು ಮನೆಯವರಿಗೂ ಓದಿಸಿದರು. ಆ ಬೀದಿಗೆ ಚುನಾವಣೆ ಮುಗಿಯುವವರೆಗೆ ನಾವು ಕಾಲಿಡಲಿಲ್ಲ. ಆಮೇಲೆ ಬರೆಯುತ್ತಿದ್ದದ್ದು ಇಷ್ಟೇ: ಹೆಸರು, ಯಾರು ಊರಲ್ಲಿಲ್ಲ, ಏನು ತೊಂದರೆ. ಚರಂಡಿ, ಕಾವೇರಿ ನೀರು ಬರುವ ಹೊತ್ತು, ಖಾತೆ, ಬೀದಿದೀಪ.

ಬೀದಿದೀಪ ಎಂಬಲ್ಲಿ ನನ್ನ ಅಂಗಡಿಯ ಬುದ್ಧಿ ಕೆಲಸ ಮಾಡಿತು. ದೀಪ ಹೋಗಿದೆ ಎಂದು ದೂರು ಕೊಟ್ಟರೆ ಯಾರೂ ಬರುವುದಿಲ್ಲ. ಕಂಬದ ಸಂಖ್ಯೆ, ಎದುರಿನ ಮನೆಯ ನಂಬರು ಕೊಟ್ಟು ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿ, ಮೂರು ದಿನ ಬಿಟ್ಟು ಬೇರೆ ಮನೆಯಿಂದ ಮತ್ತೊಂದು ಕರೆ ಹೋಗಬೇಕು. ಐವತ್ತರಲ್ಲಿ ಮೂವತ್ತಾದರೂ ಉರಿದವು. ದೀಪ ಹತ್ತಿದ ರಾತ್ರಿ ಆ ಬೀದಿಯ ಕಾರ್ಯಕರ್ತರ ಮುಖ ನೋಡಬೇಕಿತ್ತು, ತಾವೇ ಕಂಬ ಹತ್ತಿದಂತೆ. ಅದಾದ ಮೇಲೆ ಅವರಿಗೆ ಯಾರೂ ಹುರುಪು ತುಂಬುವ ಅಗತ್ಯ ಬೀಳಲಿಲ್ಲ.

ಭಾನುವಾರ ಬೆಳಗ್ಗೆ ಪಾರ್ಕಿನ ಮೆಟ್ಟಿಲ ಮೇಲೆ ನಲವತ್ತು ನಿಮಿಷ ಸೇರುತ್ತಿದ್ದೆವು. ಒಬ್ಬೊಬ್ಬರು ಒಂದು ಮನೆಯ ಕಥೆ ಹೇಳಬೇಕು, ಭಾಷಣವಿಲ್ಲ. ಅಭ್ಯರ್ಥಿಯೂ ಬರಬಹುದು, ಆದರೆ ಮಾತನಾಡುವಂತಿಲ್ಲ, ಬರೆದುಕೊಳ್ಳಬೇಕು. ಎರಡು ವಾರ ಅವರು ಮುನಿಸಿಕೊಂಡಿದ್ದರು. ಮೂರನೇ ವಾರ ಒಬ್ಬ ಅಜ್ಜಿಯ ಪಿಂಚಣಿ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ತಾವೇ ಹೋಗಿಬಂದರು. ಯಾರ ಪಕ್ಕದಲ್ಲಿ ಯಾರನ್ನು ಕೂರಿಸುತ್ತಿದ್ದೆ ಎಂಬುದರಲ್ಲೂ ಒಂದು ಗುಟ್ಟಿದೆ, ಅದೂ ನನ್ನ ಹತ್ತಿರವೇ ಇರಲಿ.

ನಡುವೆ ಕೆಲವು ಹುಚ್ಚಾಟಗಳನ್ನೂ ಮಾಡಿದೆ. ಮಿಸ್ಡ್ ಕಾಲ್ ಕೊಟ್ಟು ಸೇರಿ ಎಂಬ ಭಿತ್ತಿಪತ್ರಕ್ಕೆ ಮುನ್ನೂರು ಕರೆ ಬಂದವು. ಅರ್ಧ ಸಾಲ ಕೊಡುವವರದು, ಉಳಿದವರಲ್ಲಿ ಕೆಲಸಕ್ಕೆ ಬಂದದ್ದು ಇಬ್ಬರು. ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ ಮಾಡಿದೆ. ಎರಡನೇ ಬಹುಮಾನ ಬಂದವರು ಇವತ್ತಿಗೂ ನನ್ನನ್ನು ಮಾತನಾಡಿಸುವುದಿಲ್ಲ. ಅಪಾರ್ಟ್‌ಮೆಂಟ್‌ಗಳ ಗೇಟಿನಲ್ಲಿ ಕಾವಲುಗಾರರೇ ತಡೆಯುತ್ತಿದ್ದರು. ಕೊನೆಗೆ ಕಂಡಕ್ಟರ್ ಸಾಹೇಬರ ಸೊಸೆ ಒಳಗೆ ಲಲಿತಾ ಸಹಸ್ರನಾಮದ ಗುಂಪಿನಲ್ಲಿದ್ದದ್ದರಿಂದ ಒಂದು ಕಡೆ ಪ್ರವೇಶ ಸಿಕ್ಕಿತು. ಉಳಿದ ಮೂರು ಕಡೆ ಇವತ್ತಿಗೂ ಇಲ್ಲ.

ದುಡ್ಡಿನ ಲೆಕ್ಕ. ವಿಧಾನಸಭೆಗೆ ಅಭ್ಯರ್ಥಿಯ ಮಿತಿ ನಲವತ್ತು ಲಕ್ಷ. ನಮ್ಮ ಹನ್ನೊಂದು ಬೂತುಗಳಿಗೆ ನಾಲ್ಕು ತಿಂಗಳಲ್ಲಿ ಆದದ್ದು ಇಪ್ಪತ್ಮೂರು ಸಾವಿರದ ಆಸುಪಾಸು. ಪಟ್ಟಿಯ ಜೆರಾಕ್ಸ್ ಸಾವಿರ, ನೋಟ್‌ಬುಕ್ ಎರಡೂವರೆ ಸಾವಿರ, ಟೀ ಕಾಫಿ ಆರು ಸಾವಿರ, ಮೇಜು ಕುರ್ಚಿ ಬಾಡಿಗೆ ಮೂರೋ ನಾಲ್ಕೋ ಸಾವಿರ, ಉಳಿದದ್ದು ಮುದ್ರಣ. ಮುದ್ರಣದಲ್ಲಿ ನಾಲ್ಕೂವರೆ ಸಾವಿರ ನೀರಿಗೆ ಹೋಯಿತು. ಐದು ಸಾವಿರ ಕರಪತ್ರಗಳು ಬಂದು ಬಿದ್ದ ಮೇಲೆ ನೋಡಿದರೆ ಕೆಳಗೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸವೇ ಇಲ್ಲ. ಅವುಗಳನ್ನು ಹಂಚಿದರೆ ಕೇಸು. ಅಂಗಡಿಯಲ್ಲಿ ಬಲ್ಬ್ ಸುತ್ತಲು ಬಳಸಿದೆ, ಚುನಾವಣೆ ಮುಗಿದ ಮೇಲೆ. ಟೀ ಬಿಲ್ಲನ್ನೂ ಖರ್ಚಿನ ಪುಸ್ತಕಕ್ಕೆ ಏರಿಸುತ್ತಿದ್ದೆ. ಫಲಿತಾಂಶದ ಮೂವತ್ತು ದಿನದೊಳಗೆ ಲೆಕ್ಕ ಕೊಡುವಾಗ ಪರದಾಡದೆ ಉಳಿದದ್ದು ಇದರಿಂದಲೇ.

ಮತದಾನದ ದಿನದ ಒಂದು ಚಿತ್ರ ಮಾತ್ರ ಹೇಳುತ್ತೇನೆ. ಶಾಲೆಯ ಕೊಠಡಿಯೊಂದರಲ್ಲಿ ನಮ್ಮ ಏಜೆಂಟ್ ಹೂ ಮಾರುವ ಅಕ್ಕ. ನೇಮಕದ ನಮೂನೆ 10ನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿಗೆ ಸಿಕ್ಕಿಸಿಕೊಂಡು ಬಂದಿದ್ದರು. ಮತದಾನಕ್ಕೆ ತೊಂಬತ್ತು ನಿಮಿಷ ಮೊದಲು ಯಂತ್ರ ಪರೀಕ್ಷಿಸಲು ಅಣಕು ಮತದಾನ, ಕನಿಷ್ಠ ಐವತ್ತು ಮತ. ಹಾಕಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳನ್ನು ತೆಗೆದು ಎಣಿಸುವಾಗ ಅವರು ಬೆರಳುಗಳ ಸಂದಿಯಲ್ಲಿ ಐದೈದಾಗಿ ಸಿಕ್ಕಿಸಿಕೊಂಡು, ಮಲ್ಲಿಗೆ ಕಟ್ಟುವ ವೇಗದಲ್ಲಿ ಮುಗಿಸಿದರಂತೆ. ದೊಡ್ಡ ಪಕ್ಷದ ಏಜೆಂಟ್ ಎರಡು ಸಲ ಎಣಿಸಿ ನಲವತ್ತೊಂಬತ್ತು ಎಂದರೆ, ಈಕೆ ಐವತ್ತು ಎಂದರು. ಮೂರನೇ ಸಲ ಐವತ್ತೇ ಬಂತು. ಯಂತ್ರದ ಲೆಕ್ಕ ಅಳಿಸಿ, ಆ ಚೀಟಿಗಳು ಕಪ್ಪು ಲಕೋಟೆಗೆ ಸೇರಿ ಮೊಹರಾಗುವವರೆಗೆ ಅವರು ಕುಳಿತುಕೊಳ್ಳಲಿಲ್ಲ. ಸಂಜೆ, ಬೂತಿನಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕವಿರುವ ನಮೂನೆ 17ಸಿ ಪ್ರತಿ ಕೊಡುವವರೆಗೆ ಎದ್ದೇಳಲೂ ಇಲ್ಲ. ಹನ್ನೊಂದರಲ್ಲಿ ಹತ್ತು ಬೂತುಗಳ 17ಸಿ ರಾತ್ರಿ ಎಂಟರೊಳಗೆ ನನ್ನ ಕೌಂಟರಿನ ಮೇಲಿತ್ತು. ಹಿರಿಯರು ನೋಡಿಕೊಂಡ ಕಡೆಗಳಿಂದ ಎಷ್ಟು ಬಂದವು ಎಂದು ಕೇಳಲು ಹೋಗಲಿಲ್ಲ.

ಅಲ್ಲಿಂದೀಚೆಗೆ ಪಾಲಿಕೆಯೇ ಐದು ಭಾಗವಾಯಿತು. 2015ರ ಚುನಾವಣೆಯ 198 ವಾರ್ಡುಗಳ ಗಡಿ ಹೋಗಿ ಹೊಸ ಗೆರೆಗಳು ಬಂದವು. ವಾರ್ಡ್ ಸಮಿತಿ ಎಂದು ಫಲಕ ಬರೆಸಿಕೊಂಡವರು ತಮ್ಮ ವಾರ್ಡ್ ಯಾವುದೆಂದು ಹುಡುಕುತ್ತಿದ್ದರು. ನಮ್ಮ ನೋಟ್‌ಬುಕ್‌ಗಳು ಬೀದಿಯ ಲೆಕ್ಕದಲ್ಲಿದ್ದುದರಿಂದ ಕಟ್ಟು ಬಿಚ್ಚಿ ಬೇರೆ ರೀತಿ ಜೋಡಿಸಿದರಾಯಿತು, ಒಂದು ಮಧ್ಯಾಹ್ನದ ಕೆಲಸ.

ಹೋದ ವಾರ ಕಂಡಕ್ಟರ್ ಸಾಹೇಬರು ಅಂಗಡಿಗೆ ಬಂದಿದ್ದರು. ಮೂಲೆಯ ಮನೆ ಒಡೆದು ನಾಲ್ಕು ಮಹಡಿ ಎತ್ತುತ್ತಿದ್ದಾರೆ, ಹಳೆಯ ಬಾಡಿಗೆಯವರು ಇಬ್ಬರು ಖಾಲಿ ಮಾಡಿದರು, ಮೇಲ್ಮಹಡಿಗೆ ಹುಬ್ಬಳ್ಳಿ ಕಡೆಯವರು ಬಂದಿದ್ದಾರೆ, ನಮೂನೆ 8 ಕೊಟ್ಟಾಯಿತು ಎಂದು ವರದಿ ಒಪ್ಪಿಸಿದರು. ಆಮೇಲೆ, "ನೋಟ್‌ಬುಕ್ ತುಂಬಿತು ಸ್ವಾಮಿ, ಇನ್ನೊಂದು ಕೊಡಿ. ಈ ಸಲ ದಪ್ಪ ರಟ್ಟಿನದು ಕೊಡಿ" ಎಂದರು.