ಯೀಲ್ಡ್ ಎಷ್ಟು ಅನ್ನೋದಕ್ಕಿಂತ ಮೊದಲು, ಯಾವ ಯೀಲ್ಡ್ ಅಂತ ಕೇಳಿ

ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೆಮೊರಿ ಚಿಪ್ ಮಾಡುವ ಈ ಮೂವರ ಪೈಪೋಟಿಯ ಸುದ್ದಿ ಬಂದಾಗಲೆಲ್ಲ ಗೆಳೆಯರು ನನ್ನನ್ನು ಕೇಳುತ್ತಾರೆ: 'ಈಗ ಯಾರು ಮುಂದೆ?' ನಾನು ಕೆಲವು ವರ್ಷ ವೇಫರ್ (ಹಲವು ಚಿಪ್‌ಗಳನ್ನು ಒಟ್ಟಿಗೆ ಮಾಡುವ ಸಿಲಿಕಾನ್ ತಟ್ಟೆ) ಟೆಸ್ಟ್ ವಿಭಾಗದಲ್ಲಿದ್ದವನು. ಅಂಥ ಸುದ್ದಿಯನ್ನು ನಾನು ಓದುವುದು ಹೀಗೆ.

ಯೀಲ್ಡ್ ಅಂದರೆ ಮಾಡಿದ ಚಿಪ್‌ಗಳಲ್ಲಿ ಸರಿಯಾಗಿ ಬಂದವು ಶೇಕಡಾ ಎಷ್ಟು ಅನ್ನೋದು. ಆ ಪರ್ಸೆಂಟ್ ಕಂಡ ಕೂಡಲೇ ಅದನ್ನು ಎಲ್ಲಿ ಎಣಿಸಿದರು ಅಂತ ಹುಡುಕಿ. ವೇಫರ್ ಮೇಲೆ ಪಾಸಾದ ಚಿಪ್‌ಗಳ ಲೆಕ್ಕವೇ ಬೇರೆ, ಪೇರಿಸಿದ ಮೇಲಿನ ಲೆಕ್ಕವೇ ಬೇರೆ. ಎಚ್‌ಬಿಎಂ ಅನ್ನೋ ಅತಿವೇಗದ ಮೆಮೊರಿಯಲ್ಲಿ ಡಿರ‍್ಯಾಮ್ (ಕಂಪ್ಯೂಟರ್‌ನ ಕೆಲಸದ ಮೆಮೊರಿ) ಚಿಪ್‌ಗಳು ಒಂದರ ಮೇಲೊಂದು ಕೂರುತ್ತವೆ. ಕ್ಯಾಲ್ಕ್ಯುಲೇಟರ್ ತೆಗೆದು 12 ಪದರದ ಲೆಕ್ಕ ನೀವೇ ಮಾಡಿ. ಪ್ರತಿ ಜೋಡಣೆ ಶೇ 99 ಸರಿ ಇದ್ದರೆ 0.99 ಅನ್ನು 12 ಸಲ ಗುಣಿಸಿ. ಸುಮಾರು 0.89 ಬರುತ್ತದೆ. ಶೇ 98 ಹಾಕಿ ನೋಡಿ, 0.78ಕ್ಕೆ ಇಳಿಯುತ್ತದೆ. ಒಂದು ಜೋಡಣೆ ಕೈಕೊಟ್ಟರೆ ಉಳಿದ ಒಳ್ಳೆಯ ಚಿಪ್‌ಗಳೂ ಅದರ ಜೊತೆಗೇ ಕಸಕ್ಕೆ. ಹೊಟ್ಟೆ ಉರಿಯುವುದು ಅಲ್ಲೇ.

ಇನ್ನೊಂದು, ಆ ಅಂಕಿ ರಿಪೇರಿಗೆ ಮೊದಲಿನದೋ ನಂತರದ್ದೋ? ಡಿರ‍್ಯಾಮ್ ಒಳಗೆ ಸ್ಪೇರ್ ಸಾಲುಗಳು ಇರುತ್ತವೆ. ಕೆಟ್ಟ ಸಾಲಿನ ಬದಲು ಅವನ್ನು ಜೋಡಿಸಿ ಚಿಪ್ ಉಳಿಸಿಕೊಳ್ಳುತ್ತಾರೆ.

ಯಂತ್ರ ಕೊಂಡ ಸುದ್ದಿಗೆ ಸುಮ್ನೆ ಮಾರುಹೋಗಬೇಡಿ. ಬೆಳಕಿನಿಂದ ವೇಫರ್ ಮೇಲೆ ಅತಿ ಸೂಕ್ಷ್ಮ ಗೆರೆ ಮೂಡಿಸುವ ಇಯುವಿ ಯಂತ್ರ ಮಾರುವುದು ಡಚ್ ಕಂಪನಿ ಎಎಸ್‌ಎಂಎಲ್ ಒಂದೇ. ಡಿರ‍್ಯಾಮ್‌ಗೆ ಸ್ಯಾಮ್‌ಸಂಗ್ ಅದನ್ನು 2020ರಲ್ಲೇ ತಂದಿತು, ಹೈನಿಕ್ಸ್ 2021ರಲ್ಲಿ. ಮೈಕ್ರಾನ್ ಮಾತ್ರ 2022ರ ತನ್ನ 1-ಬೀಟಾ ತಲೆಮಾರಿನ ಚಿಪ್ ಅನ್ನು ಇಯುವಿ ಇಲ್ಲದೆಯೇ ಮಾಡಿತು. ಹಾಗಂತ ಎಚ್‌ಬಿಎಂನಲ್ಲಿ ಮೊದಲು ಇಯುವಿ ತಂದವರೇ ಗೆದ್ದರಾ? ಇಲ್ಲ, ಹೈನಿಕ್ಸ್ ಮುಂದೆ ಹೋಯಿತು. ಅದು ಚಿಪ್ ಪೇರಿಸಿದ ಮೇಲೆ ಸಂದಿಗಳಿಗೆ ದ್ರವ ತುಂಬಿಸಿ ಗಟ್ಟಿ ಮಾಡುತ್ತದೆ. ಸ್ಯಾಮ್‌ಸಂಗ್ ಪದರಗಳ ನಡುವೆ ಫಿಲ್ಮ್ ಇಟ್ಟು ಬಿಸಿಯಲ್ಲಿ ಒತ್ತುತ್ತದೆ. ಹಾಗಾಗಿ ಯಾವ ಯಂತ್ರ ಅಂತ ಕೇಳಿದ ಮೇಲೆ, ಯಾವ ಕೆಲಸಕ್ಕೆ ಅಂತಲೂ ಕೇಳಬೇಕು ಅಲ್ವಾ?

ಕೊನೆಯದು ನನಗೆ ಪೆಟ್ಟು ಬಿದ್ದು ಗೊತ್ತಾಗಿದ್ದು. ಯೀಲ್ಡ್ ದಿಢೀರ್ ಏರಿದರೂ ಇಳಿದರೂ ಮೊದಲು ಅಳತೆಯನ್ನೇ ಅನುಮಾನಿಸಿ. ಒಮ್ಮೆ ನಮ್ಮಲ್ಲಿ ಯೀಲ್ಡ್ ಒಂದೇ ರಾತ್ರಿಯಲ್ಲಿ ಕುಸಿಯಿತು. ವೇಫರ್ ಮೇಲೆ ವಿನ್ಯಾಸ ಕೊರೆಯುವ ಎಚ್ಚಿಂಗ್ ಯಂತ್ರದ್ದೇ ತಪ್ಪು ಅಂತ ನಾನೇ ಜಾಸ್ತಿ ವಾದಿಸಿದೆ. ಎರಡು ದಿನ ಅದನ್ನು ನಿಲ್ಲಿಸಿದರು. ಆಮೇಲೆ ಒಬ್ಬ ಸಹೋದ್ಯೋಗಿ ವೇಫರ್ ಮ್ಯಾಪ್‌ಗಳನ್ನು (ಎಲ್ಲಿನ ಚಿಪ್ ಫೇಲಾಯಿತು ಅಂತ ಕೆಂಪು ಚುಕ್ಕೆಯಲ್ಲಿ ತೋರಿಸುವ ಚಿತ್ರ) ಎಚ್ಚಿಂಗ್ ಚೇಂಬರ್ ಬದಲು ಟೆಸ್ಟರ್ ಪ್ರಕಾರ ವಿಂಗಡಿಸಿದಳು. ಫೇಲಾದವೆಲ್ಲ ಒಂದೇ ಟೆಸ್ಟರ್‌ನವು, ಕೆಂಪು ಚುಕ್ಕೆಗಳು ಪ್ರತಿ ವೇಫರ್‌ನಲ್ಲೂ ಅದೇ ಜಾಗದಲ್ಲಿ. ಟೆಸ್ಟ್ ಮಾಡುವಾಗ ಚಿಪ್‌ಗೆ ತಾಗುವ ಪ್ರೋಬ್ ಕಾರ್ಡ್‌ನ ಸೂಜಿಗಳ ತುದಿಗೆ ಕೊಳೆ ಕೂತಿತ್ತು. ಸೂಜಿ ಕ್ಲೀನ್ ಮಾಡಿ ಅದೇ ವೇಫರ್‌ಗಳನ್ನು ಮತ್ತೆ ಹಾಕಿದೆವು, ಹೆಚ್ಚಿನವು ಪಾಸ್. ಎಚ್ಚಿಂಗ್‌ನವರು ಒಂದು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.